ಕೋಣೆಯೊಳಗೆ ಒಬ್ಬ, ಹೊರಗೆ ಒಬ್ಬ

ಕೇಳುಗರಿಗೆ ನಮಸ್ಕಾರ.

ಒಂದು ತಂಡ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಈಗ ಮೊದಲು ಹಂಚುವುದೇ ಪ್ರಶ್ನಾವಳಿ. ನಿಮ್ಮಲ್ಲಿ ಹೊಂದಾಣಿಕೆ ಇದೆಯೇ, ಐದಕ್ಕೆ ಎಷ್ಟು ಅಂಕ? ಜನ ನಾಲ್ಕು ಅಂತ ಬರೆದು ಎದ್ದು ಹೋಗುತ್ತಾರೆ. ಅದರಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ.

ಅಮೆರಿಕದ ಶಿಕಾಗೋ ಪಕ್ಕದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. 1931ರ ನವೆಂಬರಿನಲ್ಲಿ ಅಲ್ಲಿ ಸಂಶೋಧಕರು ಬೇರೆಯೇ ದಾರಿ ಹಿಡಿದರು. ಟೆಲಿಫೋನ್ ಎಕ್ಸ್‌ಚೇಂಜಿನ ಸಲಕರಣೆ ತಯಾರಿಸುವ 14 ಜನರನ್ನು ಒಂದು ಕೋಣೆಗೆ ತಂದರು. 9 ಮಂದಿ ತಂತಿ ಜೋಡಿಸುವವರು, 3 ಮಂದಿ ಬೆಸುಗೆ ಹಾಕುವವರು, ಇಬ್ಬರು ತಪಾಸಣೆಯವರು. ಅದೇ ಕೋಣೆಯಲ್ಲಿ ಒಬ್ಬ ಸುಮ್ನೆ ಕೂತು ನೋಡಿ ಬರೆದುಕೊಳ್ಳುತ್ತಿದ್ದ. ಅವನು ಅಪ್ಪಣೆ ಕೊಡುವ ಹಾಗಿಲ್ಲ, ತಾನಾಗಿ ವಾದಕ್ಕಿಳಿಯುವ ಹಾಗಿಲ್ಲ, ನಂಬಿ ಹೇಳಿದ ಮಾತನ್ನು ಬೇರೆಯವರಿಗೆ ಮುಟ್ಟಿಸುವ ಹಾಗಿಲ್ಲ. ಇನ್ನೊಬ್ಬ ಹೊರಗಿನವನಾಗಿಯೇ ಉಳಿದು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸುತ್ತಿದ್ದ.

ಗುಂಪಿನ ಒಟ್ಟು ಕೆಲಸ ನೋಡಿ ಸಂಬಳ. ಹಾಗಾದರೆ ಎಲ್ಲರೂ ಮೈಮುರಿದು ದುಡಿಯಬೇಕಿತ್ತು, ಅಲ್ವಾ? ದುಡಿಯಲಿಲ್ಲ. ತಂತಿ ಜೋಡಿಸುವವನೊಬ್ಬ ದಿನಕ್ಕೆ ಎರಡು ಸಲಕರಣೆ ಮುಗಿಸಿದರೆ ಸಾಕು ಅಂತ ಅವರವರಲ್ಲೇ ಕಟ್ಟಳೆ. ಯಾರಾದರೂ ಮುಂದೆ ಓಡಿದರೆ ಪಕ್ಕದವನು ತೋಳಿಗೊಂದು ಗುದ್ದು ಕೊಡುತ್ತಿದ್ದ. ಗುದ್ದು ತಿಂದವನು ತಿರುಗಿ ಒಂದು ಕೊಡಬಹುದು. ಅಲ್ಲಿಗೆ ಮುಗಿಯಿತು.

ಈ ಗುದ್ದು ಯಾವ ಲೆಕ್ಕದ ಪುಸ್ತಕಕ್ಕೂ ಬರುವುದಿಲ್ಲ. ಕೋಣೆಯಲ್ಲಿ ಕೂತವನ ಕಣ್ಣಿಗೆ ಮಾತ್ರ ಬಿತ್ತು. ಯಾಕೆ ಹೀಗೆ ಅನ್ನುವುದು ಹೊರಗಿನವನ ಕಿವಿಗೆ ಬಿತ್ತು: ಜಾಸ್ತಿ ಮಾಡಿ ತೋರಿಸಿದರೆ ಕೂಲಿಯ ದರ ಇಳಿಸುತ್ತಾರೆ, ಇಲ್ಲವೇ ಯಾರದೋ ಕೆಲಸ ಹೋಗುತ್ತದೆ. ಅದು ಮಹಾ ಆರ್ಥಿಕ ಕುಸಿತದ ಕಾಲ. ಆ ಭಯವನ್ನು ಸೋಮಾರಿತನ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಎಣಿಕೆಯನ್ನೂ ಬಿಡಲಿಲ್ಲ. ಕೆಲಸಗಾರರು ಒಪ್ಪಿಸಿದ ಲೆಕ್ಕವನ್ನು ನಿಜವಾಗಿ ಆದ ಕೆಲಸದ ಜೊತೆ ಇಟ್ಟು ನೋಡಿದರು. ತಾಳೆಯಾಗಲಿಲ್ಲ. ಜಾಸ್ತಿ ಮಾಡಿದ ದಿನ ಸ್ವಲ್ಪ ಉಳಿಸಿಕೊಂಡು, ಕಡಿಮೆ ಬಿದ್ದ ದಿನಕ್ಕೆ ಸೇರಿಸುತ್ತಿದ್ದರು. ಬುದ್ಧಿ ಮತ್ತು ಕೈಚಳಕದ ಪರೀಕ್ಷೆಯೂ ನಡೆಯಿತು. ಎಲ್ಲರಿಗಿಂತ ಕಡಿಮೆ ಕೆಲಸ ತೋರಿಸುತ್ತಿದ್ದವನೇ ಬುದ್ಧಿಯಲ್ಲಿ ಮೊದಲು, ಕೈಚಳಕದಲ್ಲಿ ಮೂರನೆಯವನು!

14 ಜನರ ಒಂದು ಕೋಣೆಯಿಂದ ಜಗತ್ತಿನ ಎಲ್ಲ ತಂಡಗಳ ಬಗ್ಗೆ ಹೇಳಲಾಗದು, ನಿಜ. 1932ರ ಮೇ ತಿಂಗಳಿಗೆ ಕೆಲಸವೇ ಸಿಗದೆ ಆ ಕೋಣೆಯೂ ಮುಚ್ಚಿತು. ಆದರೂ ಆಸ್ಪತ್ರೆಯ ವಾರ್ಡನ್ನೋ ಗಾರ್ಮೆಂಟ್ಸ್‌ನ ಒಂದು ಲೈನನ್ನೋ ಅಧ್ಯಯನ ಮಾಡ ಹೊರಟ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೇಳಿಕೆ. ಅಲ್ಲಿ ಕೆಲಸ ಮಾಡುವವರ ಒಪ್ಪಿಗೆ ಪಡೆದು ಮೊದಲು ಕೆಲವು ವಾರ ಅಲ್ಲಿ ಕೂರಿ. ಮೊದಮೊದಲು ನಿಮ್ಮನ್ನು ಕಂಡು ಮಾತು ನಿಲ್ಲಿಸುತ್ತಾರೆ, ಹಾಥಾರ್ನ್‌ನಲ್ಲೂ ಮೊದಲು ಬಿಗಿಯಾಗಿಯೇ ಇದ್ದರು. ಪ್ರಶ್ನಾವಳಿ ಬರೆಯುವ ಕೆಲಸ ಆಮೇಲೆ ಇಟ್ಟುಕೊಳ್ಳಿ. ನಮಸ್ಕಾರ.