ಬಿಚ್ಚಿ ಜೋಡಿಸುವ ಬಸ್ಸು

ಕೇಳುಗರಿಗೆ ನಮಸ್ಕಾರ.

ಲಂಡನ್ನಿನ ಹಳೇ ಕೆಂಪು ಡಬಲ್ ಡೆಕರ್ ಬಸ್ಸು ನೀವೆಲ್ಲ ಚಿತ್ರದಲ್ಲಾದರೂ ನೋಡಿರುತ್ತೀರಿ. ಹೆಸರು ರೂಟ್‌ಮಾಸ್ಟರ್. ಹಿಂದೆ ಬಾಗಿಲೇ ಇಲ್ಲ. ಕಂಬ ಹಿಡಿದು ಹತ್ತಬೇಕು, ಕಂಬ ಹಿಡಿದು ಇಳಿಯಬೇಕು. ಎಷ್ಟು ಚೆಂದ ಅಲ್ವಾ ಅಂತ ಜನ ನನ್ನನ್ನು ಕೇಳುತ್ತಲೇ ಇರುತ್ತಾರೆ. ಚೆಂದ ಹೌದು. ಆದರೆ ಚೆಂದ ಅಂತ ಅದು ಉಳಿಯಲಿಲ್ಲ. ಬಿಚ್ಚೋಕೆ ಸುಲಭ ಅಂತ ಉಳಿಯಿತು.

ಮೊದಲ ರೂಟ್‌ಮಾಸ್ಟರ್ ರಸ್ತೆಗೆ ಇಳಿದದ್ದು 1956ರ ಫೆಬ್ರವರಿಯಲ್ಲಿ. 1968ಕ್ಕೆ ತಯಾರಿಕೆ ನಿಂತಾಗ ಒಟ್ಟು 2,876 ಬಸ್ಸುಗಳಾಗಿದ್ದವು. ಇದಕ್ಕೆ ಉದ್ದಕ್ಕೂ ಹಾಸಿದ ಚಾಸಿ, ಅಂದರೆ ತಳದ ಚೌಕಟ್ಟು, ಇಲ್ಲ. ಅಲ್ಯೂಮಿನಿಯಂ ಬಾಡಿಯೇ ಭಾರ ಹೊರುತ್ತದೆ. ಮುಂದೆ ಎಂಜಿನ್, ಸ್ಟೇರಿಂಗ್ ಇರುವ ಒಂದು ಚೌಕಟ್ಟು. ಹಿಂದೆ ಆಕ್ಸಲ್ ಇರುವ ಇನ್ನೊಂದು. ಬೋಲ್ಟು ಬಿಚ್ಚಿದರೆ ಮೂರೂ ಬೇರೆ ಬೇರೆ. ಒಂದು ಬಸ್ಸಿನ ಭಾಗ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ.

ಇಲ್ಲೊಂದು ಕಥೆ ಇದೆ, ಹೇಳದೆ ಮುಂದೆ ಹೋಗಲಾರೆ. ಲಂಡನ್ನಿನ ಬಸ್ಸುಗಳನ್ನೆಲ್ಲ ಕಾಲಕಾಲಕ್ಕೆ ಪೂರ್ತಿ ದುರಸ್ತಿಗೆ ಆಲ್ಡೆನ್‌ಹ್ಯಾಮ್ ಅನ್ನುವ ದೊಡ್ಡ ಕಾರ್ಖಾನೆಗೆ ಒಯ್ಯುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಬಾಂಬರ್ ವಿಮಾನ ಕಟ್ಟುತ್ತಿದ್ದರಂತೆ, ಅಷ್ಟು ದೊಡ್ಡ ಜಾಗ. ಕ್ರೇನು ಬಾಡಿಯನ್ನು ಅನಾಮತ್ತಾಗಿ ಮೇಲೆತ್ತುತ್ತಿತ್ತು. ಎಂಜಿನ್ ಕೆಲಸ ಬೇಗ ಮುಗಿಯುತ್ತದೆ, ಬಾಡಿ ಕೆಲಸ ನಿಧಾನ. ಅಲ್ಲಿಯವರೆಗೆ ತೆರಿಗೆ ಕಟ್ಟಿದ ಲೈಸೆನ್ಸು ಸುಮ್ನೆ ಬಿದ್ದಿರಬೇಕಾ? ಬೇಡ ಅಂದುಕೊಂಡರು. ಬಂದ ಬಸ್ಸಿನ ನಂಬರು, ಲೈಸೆನ್ಸು ಎರಡನ್ನೂ ಆಗಲೇ ತಯಾರಾಗಿ ನಿಂತ ಬೇರೊಂದು ಬಸ್ಸಿಗೆ ಹಾಕಿ ಕಳಿಸಿಬಿಟ್ಟರು! ಡಿಪೋಗೆ ಮರಳಿದ್ದು ಅದೇ ನಂಬರು, ಬಸ್ಸು ಮಾತ್ರ ಬೇರೆ. ಶುರುವಿನ ಬಸ್ಸುಗಳಲ್ಲಿ ಮಹಡಿಯ ಮುಂದಿನ ಕಿಟಕಿ ತೆರೆಯಲು ಬರುತ್ತಿರಲಿಲ್ಲ. ಆಮೇಲಿನವುಗಳಲ್ಲಿ ಬರುತ್ತಿತ್ತು. ಹೀಗಾಗಿ ಹೊಸ ನಂಬರಿನ ಬಸ್ಸಿಗೆ ತೆರೆಯದ ಹಳೇ ಕಿಟಕಿ ಬಂದಿರುವುದೂ ಉಂಟು.

ಇಷ್ಟೆಲ್ಲ ಕೇಳಿಸಿಕೊಂಡು ಕೊನೆಗೆ ಒಬ್ಬರು ಕೈ ಎತ್ತುತ್ತಾರೆ. ‘ಸಾರ್, ನೀವು ತೋರಿಸಿದ ಬಸ್ಸಿನದು ಒರಿಜಿನಲ್ ಬಾಡಿನಾ?’ ಏನು ಹೇಳಲಿ ಸ್ವಾಮಿ? ಬದಲಾಯಿಸುತ್ತಾ ಬದಲಾಯಿಸುತ್ತಾ ಅಲ್ವೇ ಅದು ಅಷ್ಟು ವರ್ಷ ಓಡಿದ್ದು! ಆಲ್ಡೆನ್‌ಹ್ಯಾಮ್ 1986ರಲ್ಲಿ ಮುಚ್ಚಿತು. ಬಸ್ಸು ನಿಲ್ಲಲಿಲ್ಲ. ಹಳೇ ಎಂಜಿನ್ ತೆಗೆದು ಬೇರೆ ಕಂಪನಿಯ ಎಂಜಿನ್ ಕೂರಿಸಿದರು. 159ನೇ ನಂಬರಿನ ಮಾರ್ಗದಲ್ಲಿ 2005ರ ಡಿಸೆಂಬರ್ 9ರವರೆಗೂ ಜನರನ್ನು ಹೊತ್ತಿತು. ಬಿಚ್ಚೋಕೆ ಬರುತ್ತಿತ್ತು, ಅದಕ್ಕೆ.

ಸಮಯ ಜಾಸ್ತಿ ಉಳಿದಿಲ್ಲ. ಹಳೇ ಬಸ್ಸು ಇಟ್ಟುಕೊಳ್ಳುವ ಆಸೆ ಇರುವವರಿಗೆ ಬೇಗ ಬೇಗ ಹೇಳಿಬಿಡುತ್ತೇನೆ. ಬಣ್ಣಕ್ಕೆ ದುಡ್ಡು ಸುರಿಯಬೇಡಿ, ಮೊದಲು ಬಿಡಿಭಾಗ ಕೂಡಿಡಿ. ಅಲ್ಯೂಮಿನಿಯಂಗೆ ಕಬ್ಬಿಣ ತಾಗುವ ಕಡೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಬಾಡಿಯ ತಗಡು ಬಿಚ್ಚಿಯೇ ನೋಡಬೇಕು. ಇನ್ನು ಎಂಜಿನ್. ನಿಂತಲ್ಲೇ ಐದು ನಿಮಿಷ ಶುರು ಮಾಡಿ ಆರಿಸಿದರೆ ಒಳಗೆ ನೀರಿನ ಪಸೆ ಕೂತು ಆಯಿಲ್ ಕೆಡುತ್ತದೆ. ರಸ್ತೆಗೆ ತನ್ನಿ, ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ. ಬ್ರೇಕ್ ನೋಡಿಕೊಂಡೇ ಹೊರಡಿ. ನಮಸ್ಕಾರ.