ಗೊರಕೆಗೂ ಒಂದು ಮಾಯಿಶ್ಚರ್ ಮೀಟರ್

ಹಾಸನ ಆಕಾಶವಾಣಿ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಸಕಲೇಶಪುರದ ಪಕ್ಕ ಎಂಟು ಎಕರೆ ಕಾಫಿ ಇಟ್ಟುಕೊಂಡವನು. ರೇಡಿಯೋದಲ್ಲಿ ಗೊರಕೆ ಬಗ್ಗೆ ಮಾತಾಡುತ್ತೇನೆ ಅಂದಾಗ ನನ್ನ ಹೆಂಡತಿ, "ಮಾತು ಯಾಕೆ, ಒಂದು ರಾತ್ರಿ ನೀವು ಮಲಗಿದ್ದನ್ನೇ ರೆಕಾರ್ಡ್ ಮಾಡಿ ಕಳಿಸಿ, ಸಾಕು" ಅಂದಳು.

ಅವಳು ಹಾಗೆ ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಕ್ಕೇ ನನ್ನ ಕಾಯಿಲೆ ಗೊತ್ತಾಗಿದ್ದು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಓಡಿದ ಹಾಗೆ ಗೊರ್ ಗೊರ್ ಅಂತ ಸದ್ದು ಬರುತ್ತದೆ, ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಏನೂ ಇಲ್ಲ, ಜೀರುಂಡೆ ಸದ್ದು ಮಾತ್ರ, ಆಮೇಲೆ ಕೆರೆಯಲ್ಲಿ ಮುಳುಗಿದವನು ಮೇಲೆ ಬಂದ ಹಾಗೆ ಒಂದು ದೊಡ್ಡ ಉಸಿರು. ಸದ್ದಿಲ್ಲದ ಆ ಹೊತ್ತನ್ನು ಎಣಿಸಿದೆ. 22 ಸೆಕೆಂಡ್. ಅಷ್ಟು ಹೊತ್ತು ನಾನು ಉಸಿರೇ ಆಡಿರಲಿಲ್ಲ. ಬೆಳಿಗ್ಗೆ ಎದ್ದಾಗ ನನಗೆ ಅದರ ನೆನಪೂ ಇಲ್ಲ. ಆದರೆ ಹಗಲು ಹೊತ್ತು, ಶಿರಾಡಿ ಘಾಟಿಯಲ್ಲಿ ಜೀಪ್ ಓಡಿಸುವಾಗ, ಒಂದು ಸಲ ಕಣ್ಣು ಮುಚ್ಚಿಹೋಗಿತ್ತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಇಲ್ಲದಿದ್ದರೆ ಈ ಭಾಷಣ ಇರುತ್ತಿರಲಿಲ್ಲ.

ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಜಾರಿ, ಗಾಳಿ ಹೋಗುವ ದಾರಿ ಮುಚ್ಚುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಬರುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ. ಹೀಗೆ 10 ಸೆಕೆಂಡ್ ಅಥವಾ ಹೆಚ್ಚು ಉಸಿರು ನಿಂತರೆ, ಇಲ್ಲವೇ ಚೆನ್ನಾಗಿ ಕಡಿಮೆಯಾಗಿ ಆಕ್ಸಿಜನ್ ಇಳಿದರೆ, ಒಂದು ಸಲ ಅಂತ ಲೆಕ್ಕ. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ. 15 ದಾಟಿದರೆ ಮಧ್ಯಮ, 30 ದಾಟಿದರೆ ಜೋರು.

ಸರಿ, ಗಂಟೆಗೆ ಎಷ್ಟು ಅಂತ ಎಣಿಸುವುದು ಹೇಗೆ? ನನ್ನ ತಲೆ ತಿಂದಿದ್ದು ಅದೇ ಪ್ರಶ್ನೆ.

ನಾವು ಬೆಳೆಗಾರರಿಗೆ ಇದು ಹೊಸದಲ್ಲ. ಪಾರ್ಚ್‌ಮೆಂಟ್ ಅನ್ನುವ, ಹಣ್ಣಿನ ಸಿಪ್ಪೆ ಸುಲಿದ ಕಾಫಿ ಬೀಜ ಒಣಗಿದೆಯಾ ಅಂತ ನಮ್ಮ ಅಪ್ಪ ಬೀಜ ಕಚ್ಚಿ ನೋಡುತ್ತಿದ್ದರು. ಈಗ ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರಿಗೆ ಒಂದು ಹಿಡಿ ಸುರಿದರೆ ನೂರಕ್ಕೆ 10 ಅಂತಲೋ 12 ಅಂತಲೋ ತೋರಿಸುತ್ತದೆ. ಆ ಮೀಟರ್ ಸರಿ ಅಂತ ಹೇಳಿದವರು ಯಾರು? ಅದೇ ಬೀಜವನ್ನು ತೂಗಿ, ಓವನ್‌ನಲ್ಲಿ ಒಣಗಿಸಿ, ಮತ್ತೆ ತೂಗಿ, ತೂಕ ಎಷ್ಟು ಇಳಿಯಿತು ಅಂತ ನೋಡಿ ತಾಳೆ ಹಾಕಿರುತ್ತಾರೆ. ನಿಧಾನದ ಕೆಲಸ, ಆದರೆ ನಂಬಬಹುದು.

ಗೊರಕೆಯ ಓವನ್ ಅಂದರೆ ಸ್ಲೀಪ್ ಲ್ಯಾಬ್. ರಾತ್ರಿ ಮಲಗಿಸಿ ಅಲ್ಲಿ ಮಾಡುವ ಪರೀಕ್ಷೆಯ ಹೆಸರು ಪಾಲಿಸೋಮ್ನೋಗ್ರಫಿ, ಹೇಳುವಷ್ಟರಲ್ಲೇ ನಿದ್ದೆ ಬರುತ್ತದೆ. ನಾನು ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡೆ. ತಲೆಗೆ ಅಂಟು ಹಚ್ಚಿ ವೈರು, ಕಣ್ಣಿನ ಪಕ್ಕ ವೈರು, ಗಲ್ಲಕ್ಕೆ, ಕಾಲಿಗೆ, ಎದೆಗೆ ವೈರು, ಎದೆ ಹೊಟ್ಟೆ ಎರಡಕ್ಕೂ ಬೆಲ್ಟು, ಮೂಗಿನ ಹತ್ತಿರ ಟ್ಯೂಬು, ಬೆರಳಿಗೆ ಕ್ಲಿಪ್ಪು. ಸುಗ್ಗಿಗೆ ಅಲಂಕಾರ ಮಾಡಿದ ಎತ್ತಿನ ಹಾಗೆ ಮಲಗಿದ್ದೆ. ಹೀಗೆ ಕಟ್ಟಿಹಾಕಿದರೆ ನಿದ್ದೆ ಬರುತ್ತಾ ಅಂತ ಕೇಳಿದೆ. ಎಲ್ಲರೂ ಅದನ್ನೇ ಕೇಳುತ್ತಾರೆ ಅಂದ ವೈರು ಹಚ್ಚಿದ ಲ್ಯಾಬಿನ ಹುಡುಗ. ಹೇಗೋ ಬಂತು. ಗಂಟೆಗೆ 26.

ಅದಕ್ಕೆ ಮುಂಚೆ ಒಂದು ಕಡೆ ಇದನ್ನೇ ಮನೆಯಲ್ಲಿ ಅಳೆದುಕೊಳ್ಳುವ ಕಿಟ್ ಕೊಟ್ಟಿದ್ದರು. ಅದರಲ್ಲಿ ಬಂದಿದ್ದು 12, ತೂಕ ಇಳಿಸಿ ಸಾಕು ಅಂದಿದ್ದರು. ಯಾಕೆ ಇಷ್ಟು ವ್ಯತ್ಯಾಸ? ಆ ರಾತ್ರಿ ಜೋರು ಮಳೆ, ನಾಯಿ ಬೇರೆ ಬೊಗಳುತ್ತಿತ್ತು. ಯಂತ್ರ 8 ಗಂಟೆ ಓಡಿತು, ನಾನು ಮಲಗಿದ್ದು ಹೆಚ್ಚೆಂದರೆ 4 ಗಂಟೆ. ಆ ಕಿಟ್‌ಗೆ ಮೆದುಳಿನ ವೈರು ಇಲ್ಲ, ಹಾಗಾಗಿ ನಾನು ಎಚ್ಚರವಾಗಿದ್ದೀನಾ ಇಲ್ಲವಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ. 96 ಸಲ ಉಸಿರು ನಿಂತಿದ್ದನ್ನು 8ರಿಂದ ಭಾಗಿಸಿತು, 12 ಬಂತು. 4ರಿಂದ ಭಾಗಿಸಿದ್ದರೆ 24! ಕಿಟ್ ಸುಳ್ಳು ಹೇಳಲಿಲ್ಲ, ಲೆಕ್ಕ ಹಾಗಿತ್ತು. ಇದನ್ನು ಯಾರೂ ನನಗೆ ಬಿಡಿಸಿ ಹೇಳಲಿಲ್ಲ ಅನ್ನೋದಷ್ಟೇ ನನ್ನ ಸಿಟ್ಟು. ಮನೆ ಕಿಟ್ ಬೇಡ ಅಂತಲ್ಲ. ಲಕ್ಷಣ ಜಾಸ್ತಿ ಇದ್ದು, ಹೃದಯದ ತೊಂದರೆ ಅಂಥದ್ದೇನೂ ಇಲ್ಲದವರಿಗೆ ಡಾಕ್ಟರೇ ಅದನ್ನು ಬರೆದುಕೊಡುತ್ತಾರೆ. ಆದರೆ ಲಕ್ಷಣ ಇದ್ದೂ ಕಿಟ್ ಏನಿಲ್ಲ ಅಂದರೆ ಅಲ್ಲಿಗೇ ಬಿಡಬಾರದು, ಲ್ಯಾಬ್ ಕೇಳಬೇಕು.

ಈಗ ಇನ್ನೂ ಹೊಸ ಹೊಸ ದಾರಿಗಳು ಬಂದಿವೆ. ಬೆರಳಿನ ರಕ್ತನಾಳ ಬಿಗಿಯಾಗುವುದನ್ನು ಹಿಡಿದು ಲೆಕ್ಕ ಹಾಕುವ ಯಂತ್ರ, ಹಾಸಿಗೆ ಕೆಳಗೆ ಇಡುವ ಹಾಳೆ, ಗೊರಕೆ ಕೇಳಿಸಿಕೊಳ್ಳುವ ಫೋನು. ಜಾಸ್ತಿ ಸುದ್ದಿ ಮಾಡಿದ್ದು ಮಾತ್ರ ವಾಚು. 2024ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳನ್ನು ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಮೊದಲು ಸ್ಯಾಮ್‌ಸಂಗ್ ವಾಚಿಗೆ, ಸೆಪ್ಟೆಂಬರ್‌ನಲ್ಲಿ ಆಪಲ್ ವಾಚಿಗೆ ಈ ಕೆಲಸಕ್ಕೆ ಒಪ್ಪಿಗೆ ಕೊಟ್ಟಿತು. ಉಸಿರಾಡುವಾಗ ಮಣಿಕಟ್ಟು ಕೂದಲೆಳೆಯಷ್ಟು ಅಲುಗುತ್ತದಲ್ಲ, ಆಪಲ್ ವಾಚ್ ಅದನ್ನೇ ಹಿಡಿಯುತ್ತದೆ. 30 ದಿನದಲ್ಲಿ ಕನಿಷ್ಠ 10 ರಾತ್ರಿ ಕಟ್ಟಿಕೊಂಡು ಮಲಗಬೇಕು. ಇದು ನನಗೆ ಹಿಡಿಸಿತು. ವ್ಯಾಪಾರಿ ಒಂದೇ ಚೀಲದ ಬಾಯಿಂದ ಒಂದು ಹಿಡಿ ತೆಗೆದು, ಚೀಲಕ್ಕೆ ಎಷ್ಟು ಶುದ್ಧ ಕಾಫಿ ಸಿಗುತ್ತದೆ ಅನ್ನುವ ಔಟ್‌ಟರ್ನ್ ಹೇಳಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ, ಅಲ್ವಾ? ಲ್ಯಾಬಿನ ಒಂದು ರಾತ್ರಿಯೂ ಒಂದೇ ಚೀಲದ ಹಿಡಿ. ಅಂಗಾತ ಮಲಗಿದ ರಾತ್ರಿ, ಎರಡು ಪೆಗ್ ಹಾಕಿದ ರಾತ್ರಿ, ಮೂಗು ಕಟ್ಟಿದ ರಾತ್ರಿ ಒಂದೊಂದು ಥರ.

ಹಾಗಂತ ವಾಚ್ ನಂಬಬಹುದಾ? ಪರೀಕ್ಷೆಯ ಅಳತೆಯ ಜೊತೆ ತಾಳೆ ಹಾಕಿ ಆಪಲ್ ಕಂಪನಿಯೇ ಕೊಟ್ಟ ಲೆಕ್ಕದಲ್ಲಿ, ಮಧ್ಯಮ ಅಥವಾ ಜೋರು ಕಾಯಿಲೆ ಇದ್ದ ಮೂವರಲ್ಲಿ ಸುಮಾರು ಇಬ್ಬರನ್ನು ಅದು ಹಿಡಿಯಿತು. ಇಲ್ಲದವರಿಗೆ ಇದೆ ಅಂದಿದ್ದು ತೀರಾ ಕಡಿಮೆ, ನೂರಕ್ಕೆ ಒಬ್ಬಿಬ್ಬರು. ಅಂದರೆ ವಾಚು "ಇದೆ" ಅಂದರೆ ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಸುಮ್ಮನಿದ್ದರೆ ಹೋಳಿಗೆ ಮಾಡಬೇಡಿ, ಕಾಯಿಲೆ ಇರುವ ಮೂವರಲ್ಲಿ ಒಬ್ಬರ ಕೈಯಲ್ಲೂ ಅದು ಸುಮ್ಮನೇ ಇತ್ತು. ಇದು ರೋಗ ಪತ್ತೆಯಲ್ಲ, ಬರೀ ಎಚ್ಚರಿಕೆ ಅಂತ ಕಂಪನಿಯವರೇ ಬರೆದಿದ್ದಾರೆ. ಸಣ್ಣ ಅಕ್ಷರದಲ್ಲಿ, ಬಿಡಿ.

ಇನ್ನೊಂದು ಪ್ರಶ್ನೆ, ತಾಳೆ ಹಾಕಿದ್ದು ಯಾರ ಮೇಲೆ? ಕೊರೋನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಗಿಸಿಕೊಂಡ ಆಕ್ಸಿಮೀಟರ್ ನೆನಪಿದೆಯಲ್ಲ, ಅದು ಚರ್ಮದ ಮೂಲಕ ಬೆಳಕು ಹಾಯಿಸಿ ಅಳೆಯುತ್ತದೆ. ಆಕ್ಸಿಜನ್ ಇಳಿದಿದ್ದನ್ನು ಅದು ಕಪ್ಪು ಜನರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಗಮನಿಸದೆ ಬಿಟ್ಟಿತ್ತು ಅಂತ 2020ರಲ್ಲಿ ಅಮೆರಿಕದ ಡಾಕ್ಟರುಗಳೇ ಬರೆದರು. ಮನೆ ಕಿಟ್‌ನ ಬೆರಳು ಕ್ಲಿಪ್ಪೂ ಅದೇ ಜಾತಿಯದು. ಬಿಸಿಲಲ್ಲಿ ದುಡಿದ ನಮ್ಮ ಕೈಗಳ ಮೇಲೆ ಎಷ್ಟು ಪರೀಕ್ಷೆ ಆಗಿದೆ ಅಂತ ಕೇಳಿದರೆ ತಪ್ಪಲ್ಲ. ಹೆಂಗಸರದ್ದೂ ಇದೇ ಕಥೆ. ಅವರು ಎಷ್ಟೋ ಸಲ ಗೊರಕೆ ಅನ್ನುವುದಿಲ್ಲ, ನಿದ್ದೆ ಬರಲ್ಲ, ತಲೆನೋವು, ಸುಸ್ತು ಅನ್ನುತ್ತಾರೆ, ಡಾಕ್ಟರೂ ರಕ್ತ ಕಡಿಮೆ ಅಂತ ಮಾತ್ರೆ ಕೊಟ್ಟು ಕಳಿಸುತ್ತಾರೆ.

ದುಡ್ಡಿಲ್ಲದೆ ಆಗುವುದೂ ಒಂದಿದೆ. ಟೊರೊಂಟೊದ ವೈದ್ಯರು 2008ರಲ್ಲಿ ಎಂಟು ಪ್ರಶ್ನೆ ಮಾಡಿಟ್ಟರು. ಜೋರು ಗೊರಕೆಯಾ, ಹಗಲು ಸುಸ್ತಾ, ಉಸಿರು ನಿಂತಿದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ ಇದೆಯಾ, ತೂಕ ಜಾಸ್ತಿಯಾ, ವಯಸ್ಸು 50 ದಾಟಿತಾ, ಕುತ್ತಿಗೆ ಸುತ್ತಳತೆ 40 ಸೆಂಟಿಮೀಟರ್ ಮೀರಿದೆಯಾ, ಗಂಡಸಾ. ಮೂರಕ್ಕೆ ಹೌದು ಅಂದರೆ ಡಾಕ್ಟರನ್ನು ನೋಡಿ. ಟೈಲರ್ ಟೇಪ್ ಸಾಕು. ತೆಳ್ಳಗಿರುವವರಿಗೂ ಬರುತ್ತದೆ, ನಾನೇನೂ ಡೊಳ್ಳು ಹೊಟ್ಟೆಯವನಲ್ಲ.

ನನಗೆ ಸಿಪ್ಯಾಪ್ ಯಂತ್ರ ಕೊಟ್ಟಿದ್ದಾರೆ, ಗಾಳಿ ಒತ್ತಿ ಗಂಟಲಿನ ದಾರಿ ತೆರೆದಿಡುವಂಥದ್ದು, ಮೂಗಿಗೆ ಮಾಸ್ಕ್, ಉದ್ದ ಪೈಪು. 1981ರಿಂದ ಇರುವ ಉಪಾಯ, ಆಸ್ಟ್ರೇಲಿಯಾದ ಕಾಲಿನ್ ಸುಲ್ಲಿವನ್ ಅನ್ನುವ ಡಾಕ್ಟರದ್ದು. ತೋಟದಲ್ಲಿ ನಿಜವಾದ ಆನೆ ಕಾಟ ಸಾಲದು ಅಂತ ಮನೆಯೊಳಗೂ ಸೊಂಡಿಲು ಬಂತು ಅಂತಾನೆ ಮೊಮ್ಮಗ.

ನಮ್ಮ ಪಕ್ಕದ ತೋಟದವನೂ ವಾಚು ತಗೊಂಡಿದ್ದಾನೆ. ಏನೂ ಇಲ್ಲ ಅಂತ ತೋರಿಸುತ್ತದಂತೆ. ಗೊರಕೆ ಬೇಲಿ ದಾಟಿ ನಮ್ಮ ಮನೆಗೆ ಕೇಳಿಸುತ್ತದೆ. ಕುಯ್ಲು ಮುಗಿದ ಮೇಲೆ ಟೆಸ್ಟ್ ಮಾಡಿಸುತ್ತಾನಂತೆ, ಅಂದರೆ ಫೆಬ್ರವರಿ ಆಯಿತು. ಅಲ್ಲಿಯವರೆಗೆ ಘಾಟಿಯಲ್ಲಿ ಜೀಪನ್ನು ಅವನ ಮಗನೇ ಓಡಿಸಬೇಕು ಅಂತ ಅವನ ಹೆಂಡತಿ, ನಾನು, ಆ ಹುಡುಗ ಮೂವರೂ ಸೇರಿ ತೀರ್ಮಾನ ಮಾಡಿದ್ದೇವೆ. ಅವನಿಗೆ ಇನ್ನೂ ಹೇಳಿಲ್ಲ. ರೇಡಿಯೋ ಹಾಕಿಕೊಂಡಿದ್ದರೆ ಈಗ ಗೊತ್ತಾಗಿರುತ್ತದೆ. ನಮಸ್ಕಾರ.