ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕೇಳುಗರಿಗೆ ನಮಸ್ಕಾರ. ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು ನಾನು. ಇವತ್ತಿನ ಮಾತನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳು, ಮದುವೆ ಸೀಜನ್. ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರೊಬ್ಬರು ಸಿಪಿಯು ಹೊತ್ತು ತಂದರು. "ಸರ್ರ, ನಡು ಕೆಲಸದಾಗ ನೀಲಿ ಸ್ಕ್ರೀನ್ ಬರ್ತೈತ್ರಿ. ನಿನ್ನೆ ಮಾಡಿಟ್ಟ ಫೈಲ್ ಇವತ್ತ ಓಪನ್ ಆಗವಲ್ದ್ರಿ" ಅಂದರು. ನಾನು ನೋಡಿದವನೇ ವೈರಸ್ ಅಂದೆ. ಫಾರ್ಮ್ಯಾಟ್ ಹೊಡೆದು, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ ಕೊಟ್ಟೆ. ಮೂರು ದಿನಕ್ಕೆ ವಾಪಸ್ ಬಂತು. ಮತ್ತೆ ಫಾರ್ಮ್ಯಾಟ್. ಮೂರನೇ ಸಲ ವಿಂಡೋಸ್ ಹಾಕುವಾಗಲೇ ಅರ್ಧಕ್ಕೆ ನಿಂತಿತು. ಆಗ ಬುದ್ಧಿ ಬಂತು. ಕೆಟ್ಟಿದ್ದು ರ್ಯಾಮ್, ನಾನು ಬರೆ ಎಳೆದದ್ದು ವಿಂಡೋಸಿಗೆ.

ಮೊಬೈಲಿನಲ್ಲಿ 'ಮೆಮೊರಿ ಫುಲ್' ಅಂತೀವಲ್ಲ, ಅದು ಫೋಟೋ ವಿಡಿಯೋ ಕೂಡಿಡುವ ಜಾಗ. ರ್ಯಾಮ್ ಬೇರೆ, ಅದು ಕೆಲಸ ನಡೆಯುವಾಗ ವಿಷಯ ಇಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿ. ಕರೆಂಟ್ ಇರುವ ತನಕ ಮಾತ್ರ ಅದರಲ್ಲಿ ವಿಷಯ ಇರುತ್ತದೆ. ನೀವು ತೆರೆದ ಫೈಲು, ಹೊಸದಾಗಿ ಹಾಕುವ ವಿಂಡೋಸು, ಎಲ್ಲವೂ ಅದರ ಮೂಲಕವೇ ಹಾದು ಹೋಗಬೇಕು. ಹಾಗಾಗಿ ರ್ಯಾಮ್ ಕೆಟ್ಟಿರುವಾಗ ಫಾರ್ಮ್ಯಾಟ್ ಹೊಡೆದರೆ ಹೊಸ ವಿಂಡೋಸೂ ಕೆಟ್ಟೇ ಕೂರಬಹುದು.

ಗುರುತು ಹಿಡಿಯುವುದು ಹೇಗೆ? ಸಾಫ್ಟ್‌ವೇರ್ ತೊಂದರೆ ಸಾಮಾನ್ಯವಾಗಿ ಒಂದೇ ಕಡೆ ಕೈಕೊಡುತ್ತದೆ. ರ್ಯಾಮ್ ತೊಂದರೆ ಊರೂರು ತಿರುಗುತ್ತದೆ. ಇವತ್ತು ನೀಲಿ ಸ್ಕ್ರೀನು, ನಾಳೆ ಬ್ರೌಸರ್ ತಾನಾಗೇ ಮುಚ್ಚುವುದು, ನಾಡಿದ್ದು ಜಿಪ್ ಫೈಲ್ ಬಿಚ್ಚದಿರುವುದು. ಕೆಲವು ಸಲ ಪರದೆಯೇ ಬರದೆ ಬರೀ ಬೀಪ್ ಸದ್ದು. ಸುಮ್ನೆ ನಿಧಾನ ಆಗಿದೆ ಅಂದರೆ ಕೆಟ್ಟಿದೆ ಅಂತಲ್ಲ, ಸಾಲುತ್ತಿಲ್ಲ ಅಂತ ಇರಬಹುದು.

ನಮ್ಮೂರಿನ ಬಿಸಿಲಿಗೂ ಇದಕ್ಕೂ ನಂಟಿದೆ. ರ್ಯಾಮಿನೊಳಗೆ ಒಂದೊಂದು ಬಿಟ್ ಅನ್ನೂ, ಅಂದರೆ ಒಂದು ಸೊನ್ನೆ ಅಥವಾ ಒಂದನ್ನು, ವಿದ್ಯುತ್ ಕೂಡಿಡುವ ಒಂದು ಪುಟ್ಟ ಕೆಪ್ಯಾಸಿಟರ್ ಹಿಡಿದಿಟ್ಟಿರುತ್ತದೆ. ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ಸಿಕ್ಕಿದ್ದು ಇದೇ ಉಪಾಯಕ್ಕೆ. ಆದರೆ ಅದು ಸೋರುವ ಕೊಡ. ಅದಕ್ಕೇ ಡಿಡಿಆರ್ 3, ಡಿಡಿಆರ್ 4 ತಲೆಮಾರಿನ ರ್ಯಾಮ್‌ಗಳಲ್ಲಿ ಪ್ರತಿ 64 ಮಿಲಿಸೆಕೆಂಡಿನೊಳಗೆ ಮತ್ತೆ ತುಂಬುತ್ತಲೇ ಇರಬೇಕು. ಬಿಸಿ ಏರಿದಷ್ಟೂ ಸೋರಿಕೆ ಜಾಸ್ತಿ. ಚಿಪ್ 85 ಡಿಗ್ರಿ ದಾಟಿದರೆ 32 ಮಿಲಿಸೆಕೆಂಡಿಗೇ ತುಂಬಬೇಕು. ಹೊರಗೆ 40 ಡಿಗ್ರಿ ದಾಟಿ, ಕ್ಯಾಬಿನೆಟ್ ಒಳಗೆ ಧೂಳು ಮೆತ್ತಿ ಫ್ಯಾನ್ ಕುಂಟುತ್ತಿದ್ದರೆ, ಮೊದಲೇ ಬಡವಾದ ರ್ಯಾಮ್ ಏನು ಮಾಡೀತು? ಬೆಳಗ್ಗೆ ಸರಿ ಇದ್ದು ಮಟಮಟ ಮಧ್ಯಾಹ್ನ ಕೈಕೊಡುವ ಕಂಪ್ಯೂಟರ್ ಬಂದರೆ ನಾನೀಗ ಮೊದಲು ಕ್ಯಾಬಿನೆಟ್ಟೇ ಬಿಚ್ಚುತ್ತೇನೆ.

ದುಡ್ಡು ಖರ್ಚು ಮಾಡುವ ಮುಂಚೆ ರ್ಯಾಮನ್ನು ಒಮ್ಮೆ ತೆಗೆದು ಹಾಕಿ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹ ಮುಟ್ಟಿ, ಮೈಯ ಸ್ಥಿರ ವಿದ್ಯುತ್ ಇಳಿಯಲಿ. ಕ್ಲಿಪ್ ಸರಿಸಿ ರ್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ರಬ್ಬರಿನ ಪುಡಿ ರ್ಯಾಮ್ ಕೂರುವ ಸ್ಲಾಟಿಗೆ ಬೀಳಬಾರದು. ಧೂಳಿಗೆ ಬ್ರಷ್ ಹಿಡಿಯಿರಿ, ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಆಮೇಲೆ ಟಕ್ ಅನ್ನುವ ತನಕ ಕೂರಿಸಿ. 'ಸತ್ತಿದೆ' ಅಂತ ತಂದ ಎಷ್ಟೋ ರ್ಯಾಮ್‌ಗಳು ಇಷ್ಟಕ್ಕೇ ಎದ್ದು ಕೂತಿವೆ.

ತೊಂದರೆ ಹಾಗೇ ಇದ್ದರೆ ಪರೀಕ್ಷೆ. ವಿಂಡೋಸಿನಲ್ಲೇ 'ಮೆಮೊರಿ ಡಯಾಗ್ನೋಸ್ಟಿಕ್' ಅಂತ ಹುಡುಕಿದರೆ ಸಿಗುತ್ತದೆ. ಅದು ಪಾಸ್ ಅಂದರೂ ನಾನು ಪೂರ್ತಿ ನಂಬುವುದಿಲ್ಲ. 'ಮೆಮ್‌ಟೆಸ್ಟ್86 ಪ್ಲಸ್' ಅಂತ ಉಚಿತ ಪ್ರೋಗ್ರಾಂ ಇದೆ. ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಯುಪಿಎಸ್ ಇರಲಿ, ನಮ್ಮ ಕರೆಂಟ್ ಗೊತ್ತಲ್ಲ. ಒಂದೇ ಒಂದು ಎರರ್ ಬಂದರೂ ಫೇಲ್ ಅಂತಲೇ ಲೆಕ್ಕ.

ಎರಡು ರ್ಯಾಮ್ ಇದ್ದರೆ ಒಂದೊಂದನ್ನೇ ಅದೇ ಸ್ಲಾಟಿನಲ್ಲಿ ಇಟ್ಟು ನೋಡಿ. ಎರಡೂ ಅಲ್ಲಿ ಸೋತು ಪಕ್ಕದ ಸ್ಲಾಟಿನಲ್ಲಿ ಗೆದ್ದರೆ ತಪ್ಪು ಸ್ಲಾಟಿನದು.

ಹೊಸದು ಕೊಳ್ಳಬೇಕಾದರೆ ಹಳೆಯದನ್ನೇ ಜೇಬಿಗೆ ಹಾಕಿಕೊಂಡು ಹೋಗಿ. ಡಿಡಿಆರ್ 3 ಜಾಗಕ್ಕೆ ಡಿಡಿಆರ್ 4 ಕೂರುವುದಿಲ್ಲ, ಕಚ್ಚು ಇರುವ ಜಾಗವೇ ಬೇರೆ. ಒತ್ತಿ ಕೂರಿಸಲು ಹೋಗಿ ಬೋರ್ಡ್ ಕೆಡಿಸಿಕೊಂಡವರನ್ನು ಕಂಡಿದ್ದೇನೆ.

ಆ ಡಿಟಿಪಿಯವರ ಸಿಪಿಯುನಲ್ಲಿ ಎರಡು ರ್ಯಾಮ್ ಇದ್ದವು, ಒಂದು ಕೆಟ್ಟಿತ್ತು. ಅದನ್ನು ತೆಗೆದೆ. ಉಳಿದ ಒಂದರಲ್ಲೇ ಆ ಸೀಜನ್ ದಾಟಿಸಿದರು. ಎರಡು ಸಲದ ಫಾರ್ಮ್ಯಾಟ್ ದುಡ್ಡು ವಾಪಸ್ ಕೊಡಲು ಹೋದೆ. ಬೇಡ ಅನ್ನುತ್ತಾರೇನೋ ಅಂದುಕೊಂಡಿದ್ದೆ. ಎಣಿಸಿ ಜೇಬಿಗೆ ಇಟ್ಟುಕೊಂಡರು. ಸರಿಯಾಗೇ ಮಾಡಿದರು, ಅಲ್ವಾ?

ನಮಸ್ಕಾರ.